ಮುಕ್ತ ತಂತ್ರಾಂಶ ಮತ್ತು ವಿದ್ಯಾರ್ಥಿ

ಸಾರಿನ ಪುಡಿಯನ್ನು ಮನೆಯಲ್ಲಿಯೇ ಹುರಿದು ಕುಟ್ಟಿ ಮಾಡಿಕೊಳ್ಳುವ ಪದ್ಧತಿ ಕರ್ನಾಟಕದ ಅನೇಕ ಮನೆಗಳಲ್ಲಿ ಈಗಲೂ ಉಂಟು. ಕೊತ್ತಂಬರಿ ಬೀಜ ಎಷ್ಟು, ಮೆಣಸಿನಕಾಯಿ ಎಷ್ಟು, ಜೀರಿಗೆ ಮೆಂತ್ಯಗಳು ಎಷ್ಟು, ಯಾವುದನ್ನು ಎಷ್ಟು ಹೊತ್ತು ಹುರಿಯಬೇಕು ಎಂಬುದನ್ನು ಅತ್ತೆ ಸೊಸೆಗೆ ಹೇಳಿಕೊಡುತ್ತಾಳೆ. ಸೊಸೆ ನೆರೆಮನೆಯಾಕೆಗೆ ಹೇಳುತ್ತಾಳೆ. ನೆರೆಮನೆಯಾಕೆ ತನ್ನ ಮನೆಯವರ ನಾಲಗೆಗೆ ತಕ್ಕಂತೆ ಖಾರವನ್ನು ಸ್ವಲ್ಪ ತಗ್ಗಿಸಿ, ಕರಿಬೇವನ್ನು ಸ್ವಲ್ಪ ಹೆಚ್ಚಿಸಿ ಮತ್ತೊಂದು ಬಗೆಯ ಪುಡಿಯನ್ನು ಮಾಡುತ್ತಾಳೆ. ಇದರಿಂದ ಅತ್ತೆಯ ಪುಡಿಗೆ ಯಾವ ನಷ್ಟವೂ ಇಲ್ಲ. ಅಂಗಡಿಯಲ್ಲಿ ಸಿಗುವ ಪೊಟ್ಟಣದ ಪುಡಿಯೂ ರುಚಿಯಾಗಿಯೇ ಇರಬಹುದು. ಆದರೆ ಆ ಪೊಟ್ಟಣದ ಮೇಲೆ, "ಇದನ್ನು ಒಂದು ಚಮಚದಷ್ಟೂ ನೆರೆಯವರಿಗೆ ಕೊಡತಕ್ಕದ್ದಲ್ಲ, ಇದಕ್ಕೆ ಬೇರೇನನ್ನೂ ಬೆರೆಸತಕ್ಕದ್ದಲ್ಲ, ಇದರಲ್ಲಿ ಏನಿದೆಯೆಂದು ತಿಳಿಯಲು ಪ್ರಯತ್ನಿಸತಕ್ಕದ್ದಲ್ಲ" ಎಂದು ಅಚ್ಚು ಹಾಕಿದ್ದರೆ ಯಾವ ಗೃಹಿಣಿ ತಾನೇ ಅದನ್ನು ಕೊಂಡಾಳು? ಗಣಕಯಂತ್ರದ ವಿಷಯದಲ್ಲಿ ಮಾತ್ರ ಇಂತಹ ಷರತ್ತುಗಳಿಗೆ ಕೋಟ್ಯಂತರ ಜನರು ಓದಿಯೂ ನೋಡದೆ ಒಪ್ಪಿಗೆ ಕೊಟ್ಟಿದ್ದಾರೆ.

ತಂತ್ರಾಂಶವೆಂದರೆ ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸಮೂಹ. ಪರಿಣತರು ಈ ಆಜ್ಞೆಗಳನ್ನು ಮೊದಲು ಮನುಷ್ಯರು ಓದಿ ತಿಳಿಯಬಲ್ಲ ರೂಪದಲ್ಲಿ ಬರೆಯುತ್ತಾರೆ. ಇದಕ್ಕೆ ಆಕರ ಸಂಕೇತವೆಂದು ಹೆಸರು. ಯಂತ್ರಕ್ಕೆ ತಿಳಿಯುವಂತೆ ಅದನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಅನಂತರ ಮಾರ್ಪಡಿಸಲಾಗುತ್ತದೆ. ಅನೇಕ ಕಂಪನಿಗಳು ಗಿರಾಕಿಗೆ ಕೊಡುವುದು ಈ ಎರಡನೆಯ ರೂಪವನ್ನು ಮಾತ್ರ. ಅದರಿಂದ ಮೊದಲಿನ ರೂಪವನ್ನು ಊಹಿಸುವುದು, ಸಾರನ್ನು ಕುಡಿದು ಪುಡಿಯ ಅಳತೆಯನ್ನು ಹೇಳುವುದಕ್ಕಿಂತ ಕಷ್ಟ. ಆಕರ ಸಂಕೇತವನ್ನೂ ಜೊತೆಯಲ್ಲಿಯೇ ಕೊಟ್ಟು, ಅದನ್ನು ಓದುವ, ತಿದ್ದುವ, ಹಂಚುವ ಹಕ್ಕನ್ನೂ ಕೊಟ್ಟರೆ ಅದು ಮುಕ್ತ ತಂತ್ರಾಂಶ. ವಿದ್ಯಾರ್ಥಿಯಾದವನು, ವಿದ್ಯಾರ್ಥಿನಿಯಾದವಳು ಗಣಕದ ವಿದ್ಯೆಯನ್ನು ಇಂತಹ ತಂತ್ರಾಂಶದ ಮೇಲೆಯೇ ಕಲಿಯುವುದು ಯುಕ್ತವೆಂಬುದಕ್ಕೆ ಬಲವಾದ ಕಾರಣಗಳಿವೆ.

ಈ ವಿಚಾರವು ಒಂದು ಚಳವಳಿಯ ರೂಪವನ್ನು ಪಡೆದದ್ದರ ಹಿಂದೆ ಒಂದು ಮುದ್ರಣಯಂತ್ರದ ಕಥೆ ಇದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ಕೆಲಸ ಮಾಡುತ್ತಿದ್ದನು. ಅಲ್ಲಿಯ ಮುದ್ರಣಯಂತ್ರದಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಯಂತ್ರ ಒಂದು ಕಡೆ, ಅದನ್ನು ಬಳಸುವವರು ಇನ್ನೊಂದು ಕಡೆ. ಕಾಗದ ಸಿಕ್ಕಿಕೊಂಡದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಟಾಲ್‌ಮನ್ ಆ ಯಂತ್ರದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿದ ಕೂಡಲೆ ಮುದ್ರಣಕ್ಕಾಗಿ ಕಾದಿರುವವರಿಗೆ ಸುದ್ದಿ ಹೋಗುವಂತೆ ಮಾಡಿದ್ದನು. 1980ರ ಆಸುಪಾಸಿನಲ್ಲಿ ಜೆರಾಕ್ಸ್ ಕಂಪನಿಯು ಪ್ರಯೋಗಾಲಯಕ್ಕೆ ಹೊಸದೊಂದು ಮುದ್ರಣಯಂತ್ರವನ್ನು ಕಾಣಿಕೆಯಾಗಿ ಕೊಟ್ಟಿತು. (ಪ್ರತಿ ತೆಗೆಯುವ ಕೆಲಸಕ್ಕೇ ಕನ್ನಡಿಗರು ಇಂದು ಆ ಕಂಪನಿಯ ಹೆಸರನ್ನು ಇಟ್ಟುಬಿಟ್ಟಿದ್ದಾರೆ.) ಹೊಸ ಯಂತ್ರದಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅದರ ಆಕರ ಸಂಕೇತ ಮಾತ್ರ ಬಂದಿರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದವರ ಬಳಿ ಅದು ಇದೆಯೆಂದು ತಿಳಿದು ಸ್ಟಾಲ್‌ಮನ್ ಹೋಗಿ ಕೇಳಿದನು. ಯಾರಿಗೂ ಕೊಡುವುದಿಲ್ಲವೆಂದು ತಾವು ಕಂಪನಿಗೆ ಮಾತು ಕೊಟ್ಟಿರುವುದಾಗಿ ಹೇಳಿ ಅವರು ನಿರಾಕರಿಸಿದರು. ದೋಷ ಕಣ್ಣಿಗೆ ಕಾಣುತ್ತಿದೆ, ತಿದ್ದುವ ಸಾಮರ್ಥ್ಯವಿದೆ, ತಿದ್ದಲು ಮನಸ್ಸೂ ಇದೆ, ಆದರೆ ತಿದ್ದುವಂತಿಲ್ಲ! ಈ ಸಣ್ಣ ಘಟನೆ ಆತನ ಮನಸ್ಸಿನಲ್ಲಿ ಆಳವಾಗಿ ನಾಟಿತು.

1983ರ ಸೆಪ್ಟೆಂಬರ್ ತಿಂಗಳಲ್ಲಿ ಸ್ಟಾಲ್‌ಮನ್, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಸಂಪೂರ್ಣ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ರಚಿಸುವುದಾಗಿ ಪ್ರಕಟಿಸಿದನು. ಅದರ ಹೆಸರು ಗ್ನೂ. ಮುಂದಿನ ವರ್ಷ ಸಂಸ್ಥೆಯ ಕೆಲಸವನ್ನು ಬಿಟ್ಟು ಇದಕ್ಕಾಗಿಯೇ ನಿಂತನು. 1985ರಲ್ಲಿ ಇದರ ಪೋಷಣೆಗಾಗಿ ಒಂದು ಪ್ರತಿಷ್ಠಾನ ಸ್ಥಾಪನೆಯಾಯಿತು. 1989ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿ ಎಂಬ ಹಕ್ಕುಪತ್ರ ಹೊರಬಂದಿತು. ಈ ಹಕ್ಕುಪತ್ರದ ಚಾತುರ್ಯವನ್ನು ಗಮನಿಸಬೇಕು. ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು, ಮಾರಲೂಬಹುದು. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ತನಗೆ ದೊರೆತ ಹಕ್ಕುಗಳನ್ನೆಲ್ಲ ಅವರಿಗೂ ಕೊಡಲೇಬೇಕು. ಊರಿನ ಕೆರೆಯಿಂದ ನೀರನ್ನು ತೆಗೆದುಕೊಳ್ಳಬಹುದು, ಕೆರೆಗೆ ಬೀಗ ಹಾಕುವಂತಿಲ್ಲ ಎಂಬಂತೆ.

ಇಲ್ಲಿ ಕನ್ನಡ ಭಾಷೆಯ ಒಂದು ಅನುಕೂಲವನ್ನು ಹೇಳಬೇಕು. ಬೆಲೆಯಿಲ್ಲದೆ ಸಿಗುವುದಕ್ಕೂ ಬಂಧನವಿಲ್ಲದೆ ಇರುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಇದರಿಂದ ಆ ಭಾಷೆಯವರು ಹಲವು ವರ್ಷ ಗೊಂದಲಪಟ್ಟು ದೀರ್ಘವಾದ ವಿವರಣೆಗಳನ್ನು ಬರೆಯಬೇಕಾಯಿತು. ಕನ್ನಡಿಗನಿಗೆ ಆ ತೊಂದರೆಯಿಲ್ಲ. ಉಚಿತವೇ ಬೇರೆ, ಮುಕ್ತವೇ ಬೇರೆ. ಹಣ ಕೊಡದೆ ದೊರೆತ ತಂತ್ರಾಂಶವೆಲ್ಲ ಮುಕ್ತವಲ್ಲ. ಮುಕ್ತವಾದುದನ್ನು ಹಣಕ್ಕೆ ಮಾರಬಾರದೆಂಬ ನಿಯಮವೂ ಇಲ್ಲ. ಇಂದು ಉಚಿತವಾಗಿ ಕೊಟ್ಟವನು ನಾಳೆ ಬೆಲೆ ಕಟ್ಟಬಹುದು, ನಾಡಿದ್ದು ಅಂಗಡಿಯನ್ನೇ ಮುಚ್ಚಬಹುದು. ಹಕ್ಕನ್ನೇ ಕೊಟ್ಟವನು ಅದನ್ನು ಹಾಗೆ ಹಿಂದಕ್ಕೆ ಪಡೆಯಲಾರ.

ಸ್ಟಾಲ್‌ಮನ್ ಮತ್ತು ಸಂಗಡಿಗರು ವ್ಯವಸ್ಥೆಯ ಬಹುಭಾಗವನ್ನು ಸಿದ್ಧಪಡಿಸಿದ್ದರೂ ಅದರ ತಿರುಳು ಮಾತ್ರ ಪೂರ್ಣಗೊಂಡಿರಲಿಲ್ಲ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಹವ್ಯಾಸಕ್ಕೆಂದು ಅಂತಹ ತಿರುಳೊಂದನ್ನು ಬರೆದು ಎಲ್ಲರ ಮುಂದಿಟ್ಟನು. ಮರುವರ್ಷ ಅದನ್ನು ಗ್ನೂ ಹಕ್ಕುಪತ್ರದ ಅಡಿಯಲ್ಲಿ ತಂದನು. ಅದೇ ಲಿನಕ್ಸ್. ಆಂಡ್ರಾಯ್ಡ್ ದೂರವಾಣಿಗಳೊಳಗೆ ಇರುವುದು ಈ ತಿರುಳೇ. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿ ವೇಗದ ಐನೂರು ಗಣಕಗಳ ಪಟ್ಟಿಯಲ್ಲಿರುವುವೆಲ್ಲವೂ ಇದರ ಮೇಲೆಯೇ ಓಡುತ್ತಿವೆ. 2021ರಲ್ಲಿ ಮಂಗಳಗ್ರಹದ ಮೇಲೆ ಹಾರಿದ ಇಂಜೆನ್ಯೂಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲಿಯೂ ಲಿನಕ್ಸ್ ಇತ್ತು. ಆದುದರಿಂದ ಮುಕ್ತ ತಂತ್ರಾಂಶವೆಂದರೆ ಹಣವಿಲ್ಲದವರು ಬಳಸುವ ಎರಡನೆಯ ದರ್ಜೆಯ ಸಾಮಾನು ಎಂಬ ಭಾವನೆಗೆ ಆಧಾರವಿಲ್ಲ.

ಹಕ್ಕೆಂಬುದು ಕಾಗದದ ಮೇಲಿನ ಮಾತಲ್ಲ, ಆಪತ್ತಿನಲ್ಲಿ ಒದಗುವ ವಸ್ತುವೆಂಬುದಕ್ಕೆ ಲಿಬ್ರೆಆಫೀಸ್ ಎಂಬ ತಂತ್ರಾಂಶದ ಚರಿತ್ರೆ ಒಳ್ಳೆಯ ನಿದರ್ಶನ. ಪತ್ರ ಬರೆಯುವುದು, ಲೆಕ್ಕದ ಪಟ್ಟಿ ಹಾಕುವುದು, ಭಾಷಣಕ್ಕೆ ಚಿತ್ರಪಟಗಳನ್ನು ಸಿದ್ಧಪಡಿಸುವುದು ಮೊದಲಾದ ಕಚೇರಿಯ ಮತ್ತು ಶಾಲೆಯ ಕೆಲಸಗಳೆಲ್ಲ ಇದರಿಂದ ಆಗುತ್ತವೆ. ಇದರ ಮೂಲ ಪುರುಷ ಜರ್ಮನಿಯ ಮಾರ್ಕೊ ಬ್ಯೋರೀಸ್. 1980ರ ದಶಕದಲ್ಲಿ ಈ ಕೆಲಸವನ್ನು ಆರಂಭಿಸಿದಾಗ ಅವನಿನ್ನೂ ಹದಿಹರೆಯದ ಹುಡುಗ. ಅವನ ಕಂಪನಿಯನ್ನು ಸನ್ ಎಂಬ ಅಮೆರಿಕದ ದೊಡ್ಡ ಕಂಪನಿ ಕೊಂಡು, 2000ದಲ್ಲಿ ತಂತ್ರಾಂಶದ ಆಕರ ಸಂಕೇತವನ್ನು ಜಗತ್ತಿಗೆ ತೆರೆದಿಟ್ಟಿತು. ಓಪನ್ಆಫೀಸ್ ಎಂಬ ಹೆಸರಿನಿಂದ ಅದು ದೇಶದೇಶಗಳಲ್ಲಿ ಹರಡಿತು. ನೂರಾರು ಸ್ವಯಂಸೇವಕರು ಅದನ್ನು ಬೆಳೆಸಿದರು. 2010ರ ಆರಂಭದಲ್ಲಿ ಸನ್ ಕಂಪನಿಯೇ ಒರಾಕಲ್ ಎಂಬ ಇನ್ನೊಂದು ಕಂಪನಿಗೆ ಮಾರಾಟವಾಯಿತು. ಹೊಸ ಒಡೆಯರ ಕೈಯಲ್ಲಿ ತಾವು ಬೆಳೆಸಿದ ತಂತ್ರಾಂಶದ ಗತಿ ಏನಾಗುವುದೋ ಎಂದು ಸ್ವಯಂಸೇವಕರು ಚಿಂತೆಗೊಳಗಾದರು. ಮಾಮೂಲಿನ ತಂತ್ರಾಂಶವಾಗಿದ್ದರೆ ಅವರು ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಮಾರಿದವರು ಮಾರಿದರು, ಕೊಂಡವರು ಕೊಂಡರು, ಬಳಸುವವರು ಸುಮ್ಮನಿರಬೇಕು. ಆದರೆ ಹಕ್ಕುಪತ್ರ ಇವರ ಕೈಯಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಆಕರ ಸಂಕೇತದ ಪ್ರತಿಯನ್ನು ತೆಗೆದುಕೊಂಡು ಹೊರಬಂದು, ಲಿಬ್ರೆಆಫೀಸ್ ಎಂದು ಹೊಸ ಹೆಸರಿಟ್ಟು ಕೆಲಸವನ್ನು ಮುಂದುವರಿಸಿದರು. ಹೆಸರು ಒರಾಕಲ್ಲಿನ ಬಳಿ ಉಳಿಯಿತು, ಕೆಲಸಗಾರರಲ್ಲಿ ಬಹುಮಂದಿ ಇತ್ತ ಬಂದರು. ಬಳಸುತ್ತಿದ್ದ ಜನರ ಒಂದು ಪತ್ರವೂ ನಷ್ಟವಾಗಲಿಲ್ಲ.

ಪತ್ರ ನಷ್ಟವಾಗುವುದೆಂದರೇನು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಣಕಗಳು ಬಂದ ಮೊದಲ ದಿನಗಳಲ್ಲಿ ಕನ್ನಡಕ್ಕೆ ಅವುಗಳಲ್ಲಿ ಸ್ವಂತ ಸ್ಥಾನವಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಒತ್ತು, ಕೊಂಬು, ದೀರ್ಘಗಳ ಚೂರುಗಳನ್ನು ಕೂಡಿಸಿ ಅಕ್ಷರವನ್ನು ಹೇಗೋ ತೋರಿಸುತ್ತಿದ್ದರು. ಯಾವ ಚೂರನ್ನು ಯಾವ ಸ್ಥಾನದಲ್ಲಿ ಕೂಡಿಸಬೇಕೆಂಬುದರಲ್ಲಿ ಒಬ್ಬ ತಯಾರಕನದು ಒಂದು ಕ್ರಮ, ಇನ್ನೊಬ್ಬನದು ಇನ್ನೊಂದು. ಒಂದು ತಂತ್ರಾಂಶದಲ್ಲಿ ಬರೆದ ಕಡತವನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣಿಸುತ್ತಿತ್ತು. ಕಥೆ, ಕವನ, ಸಂಘದ ವರದಿ, ಪಂಚಾಯಿತಿಯ ಪಟ್ಟಿ ಎಲ್ಲವೂ ಹೀಗೆ ತಯಾರಕನ ಅಕ್ಷರಪೆಟ್ಟಿಗೆಗೆ ಅಂಟಿಕೊಂಡವು. ಬರೆದವನು ಕನ್ನಡಿಗ, ಬರೆದದ್ದು ಕನ್ನಡ. ಬೀಗದ ಕೈ ಮಾತ್ರ ಬೇರೆಯವರ ಬಳಿ. ಹಳೆಯ ತಾಳೆಗರಿಯನ್ನು ಕಷ್ಟಪಟ್ಟಾದರೂ ಓದಬಹುದು. ಹೀಗೆ ಬರೆದಿಟ್ಟ ಕಡತ, ಅದರ ಅಕ್ಷರಪೆಟ್ಟಿಗೆ ಕಳೆದುಹೋದರೆ ಕಣ್ಣೆದುರಿಗೆ ಇದ್ದೂ ಇಲ್ಲದಂತೆ.

ಈ ತೊಡಕಿನಿಂದ ಕನ್ನಡವನ್ನು ಬಿಡಿಸಿದ್ದು ಯೂನಿಕೋಡ್ ಎಂಬ ತೆರೆದ ಶಿಷ್ಟತೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ನಿಶ್ಚಿತ ಸಂಖ್ಯೆಯನ್ನು ಕೊಡುವ ಈ ಕ್ರಮ 1991ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡ ಅದರಲ್ಲಿ ಸ್ಥಾನ ಪಡೆದಿತ್ತು. ಲಿನಕ್ಸ್ ಹುಟ್ಟಿದ ವರ್ಷವೂ ಅದೇ ಎಂಬುದು ಆಕಸ್ಮಿಕವಾದರೂ ನೆನಪಿಡಲು ಅನುಕೂಲ. ಯೂನಿಕೋಡ್ ತಾನೇ ತಂತ್ರಾಂಶವಲ್ಲ, ಒಂದು ಒಪ್ಪಂದ. ಒಪ್ಪಂದ ಎಲ್ಲರಿಗೂ ತೆರೆದಿರುವುದರಿಂದ ಅದರಂತೆ ಅಕ್ಷರಗಳನ್ನು ಕೆತ್ತುವ ಸ್ವಾತಂತ್ರ್ಯವೂ ಎಲ್ಲರಿಗೂ ಇದೆ. ಬಲೂ ತಮ್ಮ ಮೊದಲಾದ ಕನ್ನಡದ ಅಕ್ಷರವಿನ್ಯಾಸಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಮಾನ್ಯ ಮಾಡಿದ ಕೀಲಿಮಣೆಯ ವಿನ್ಯಾಸವು ಕಗಪ ಎಂಬ ಹೆಸರಿನಿಂದ ಲಿನಕ್ಸ್ ವ್ಯವಸ್ಥೆಗಳಲ್ಲಿ ಮೊದಲಿನಿಂದಲೇ ಅಡಕವಾಗಿರುತ್ತದೆ. ಆರಿಸಿಕೊಂಡರೆ ಸಾಕು, ಕನ್ನಡದಲ್ಲಿ ಬರೆಯಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಎಂಬ ವಿಶ್ವಕೋಶವೂ ಮುಕ್ತ ತಂತ್ರಾಂಶದ ಮೇಲೆಯೇ ನಡೆಯುತ್ತಿದೆ.

ಇನ್ನು ಪ್ರಾಮಾಣಿಕತೆಯ ವಿಷಯ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ದುಬಾರಿಯಾದ ತಂತ್ರಾಂಶಗಳ ಕದ್ದ ಪ್ರತಿಗಳು ಎಷ್ಟೋ ಮನೆ, ಅಂಗಡಿ, ಶಾಲೆಗಳ ಗಣಕಗಳಲ್ಲಿ ಸೇರಿಕೊಂಡಿವೆ. ಹಾಕಿಕೊಟ್ಟವನು ಅದು ಕದ್ದದ್ದೆಂದು ಹೇಳುವುದಿಲ್ಲ. ಹಾಕಿಸಿಕೊಂಡವನು ಕೇಳುವುದೂ ಇಲ್ಲ. ಇಂತಹ ಪ್ರತಿಗಳ ಜೊತೆಯಲ್ಲಿ ಕಡತಗಳನ್ನು ಹಾಳುಮಾಡುವ ದುಷ್ಟ ತಂತ್ರಾಂಶಗಳೂ ಒಳಗೆ ನುಸುಳುವುದುಂಟು. ಅದಕ್ಕಿಂತ ದೊಡ್ಡ ಕೇಡು ಬೇರೊಂದಿದೆ. ಹಂಚಿ ತಿನ್ನಬೇಕು, ಗೆಳೆಯನಿಗೆ ಪುಸ್ತಕ ಕೊಟ್ಟು ನೆರವಾಗಬೇಕು ಎಂದು ಮನೆಯಲ್ಲಿ ಕಲಿತ ಮಗು, ಗೆಳೆಯನು ತಂತ್ರಾಂಶದ ಪ್ರತಿ ಕೇಳಿದಾಗ ಏನು ಮಾಡಬೇಕು? ಕೊಟ್ಟರೆ ಕಾನೂನಿಗೆ ತಪ್ಪಿದಂತೆ, ಕೊಡದಿದ್ದರೆ ಗೆಳೆತನಕ್ಕೆ ತಪ್ಪಿದಂತೆ. ಹದಿನಾಲ್ಕು ವರ್ಷದ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಇಂತಹ ಇಕ್ಕಟ್ಟಿಗೆ ಸಿಲುಕಿಸುವುದು ನ್ಯಾಯವಲ್ಲ. ಮುಕ್ತ ತಂತ್ರಾಂಶದಲ್ಲಿ ಈ ಇಕ್ಕಟ್ಟೇ ಇಲ್ಲ. ಇಡೀ ತರಗತಿಗೆ ಪ್ರತಿ ಮಾಡಿ ಹಂಚಿದರೂ ಅದು ಹಕ್ಕುಪತ್ರಕ್ಕೆ ಸಮ್ಮತವಾದ ಕೆಲಸ.

ಹಂಚುವ ಹಕ್ಕಿನ ಬೆಲೆ ಏನೆಂಬುದನ್ನು ಕಣ್ಣು ಕಾಣದವರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಗಣಕದ ಪರದೆಯ ಮೇಲಿನ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಬಹುಕಾಲ ಬಡವರ ಕೈಗೆಟುಕದಷ್ಟು ದುಬಾರಿಯಾಗಿದ್ದವು. ಎಷ್ಟೋ ಸಲ ಗಣಕದ ಬೆಲೆಗಿಂತ ಅವುಗಳ ಬೆಲೆಯೇ ಹೆಚ್ಚು. ಕಣ್ಣಿರುವವನು ತೆರದ ತೆರಿಗೆಯನ್ನು ಕಣ್ಣಿಲ್ಲದವನು ತೆರಬೇಕಾಗಿತ್ತು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನು ಅಂತಹ ತಂತ್ರಾಂಶವೊಂದನ್ನು ತಾನೇ ಬರೆಯತೊಡಗಿದನು. ಅವನಂತೆಯೇ ದೃಷ್ಟಿಯಿಲ್ಲದ ಗೆಳೆಯ ಜೇಮ್ಸ್ ಟೆ ಜೊತೆಗೂಡಿದನು. ಬಾಲ್ಯದಲ್ಲಿ ಸಂಗೀತ ಶಿಬಿರವೊಂದರಲ್ಲಿ ಅವರಿಗೆ ಪರಿಚಯವಾಗಿತ್ತು. ಎನ್‌ವಿಡಿಎ ಎಂಬ ಈ ತಂತ್ರಾಂಶವನ್ನು ಅವರು ಬೆಲೆಯಿಲ್ಲದೆ, ಆಕರ ಸಂಕೇತದ ಸಮೇತ ಜಗತ್ತಿಗೆ ಕೊಟ್ಟರು. ಇದರೊಡನೆ ಬರುವ ಇಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶಕ್ಕೆ ಕನ್ನಡವೂ ಗೊತ್ತು. ಅದರ ಉಚ್ಚಾರಣೆ ಯಂತ್ರದ್ದೇ, ಇಂಪಾಗಿಲ್ಲ ಎಂಬುದು ನಿಜ. ಆದರೆ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಇನ್ನೊಬ್ಬರಿಗಾಗಿ ಕಾಯದೆ ತನ್ನ ಪಾಠವನ್ನು ತಾನೇ ಓದಿಸಿಕೊಳ್ಳುವಾಗ ಇಂಪಿನ ಮಾತು ಯಾರಿಗೆ ಬೇಕು?

ಇದಕ್ಕೆ ವಿರೋಧವಾಗಿ ಹೇಳುವವರ ಮಾತನ್ನೂ ಕೇಳಬೇಕು. "ಕಚೇರಿಗಳಲ್ಲಿ ಬೇರೆ ತಂತ್ರಾಂಶಗಳು ಬಳಕೆಯಲ್ಲಿರುವಾಗ ಶಾಲೆಯಲ್ಲಿ ಇವನ್ನು ಕಲಿತು ಏನು ಫಲ? ಕೆಲಸ ಯಾರು ಕೊಡುತ್ತಾರೆ?" ಎಂದು ತಂದೆತಾಯಿಗಳು ಚಿಂತಿಸುವುದು ಸಹಜ. ಆದರೆ ಬೆರಳಚ್ಚು ಕಲಿಯುತ್ತಿದ್ದ ಕಾಲದಲ್ಲಿ ಒಂದು ಕಂಪನಿಯ ಯಂತ್ರದ ಮೇಲೆ ಕಲಿತವರು ಇನ್ನೊಂದು ಕಂಪನಿಯ ಯಂತ್ರದ ಮುಂದೆ ಕುಳಿತು ಜೀವನ ನಡೆಸಲಿಲ್ಲವೇ? ಒಂಬತ್ತನೆಯ ತರಗತಿಯಲ್ಲಿ ಕಲಿತ ತಂತ್ರಾಂಶ, ಅದು ಯಾರದೇ ಆಗಿರಲಿ, ಕೆಲಸಕ್ಕೆ ಸೇರುವ ಹೊತ್ತಿಗೆ ಅದೇ ರೂಪದಲ್ಲಿ ಇರುವುದಿಲ್ಲ. ಗುಂಡಿ ಎಲ್ಲಿದೆ ಎಂಬುದನ್ನು ಕಲಿತವನು ಗುಂಡಿಯ ಸ್ಥಾನ ಬದಲಾದಾಗ ಪೇಚಾಡುತ್ತಾನೆ. ಗುಂಡಿ ಏನು ಮಾಡುತ್ತದೆ ಎಂಬುದನ್ನು ಕಲಿತವನಿಗೆ ಆ ಭಯವಿಲ್ಲ.

ಎರಡನೆಯ ಆಕ್ಷೇಪಣೆಯಲ್ಲಿ ಹೆಚ್ಚು ಹುರುಳಿದೆ. ಎಲ್ಲರಿಗೂ ತೆರೆದಿರುವುದರಿಂದ ದೋಷಗಳು ಬೇಗ ಬಯಲಾಗುತ್ತವೆಂದು ಮುಕ್ತ ತಂತ್ರಾಂಶದವರು ಹೇಳಿಕೊಳ್ಳುತ್ತಾರೆ. ಯಾವಾಗಲೂ ಹಾಗಾಗುವುದಿಲ್ಲ. ಅಂತರಜಾಲದಲ್ಲಿ ಗುಟ್ಟನ್ನು ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2012ರಲ್ಲಿ ಸೇರಿಕೊಂಡ ದೊಡ್ಡ ದೋಷವೊಂದು 2014ರ ಏಪ್ರಿಲ್ ತಿಂಗಳವರೆಗೆ ಬಯಲಿಗೆ ಬರಲಿಲ್ಲ. ಜಗತ್ತೆಲ್ಲ ಅದನ್ನು ಬಳಸುತ್ತಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಮಾತ್ರ ಬೆರಳೆಣಿಕೆಯಷ್ಟು ಮಂದಿ. ಎಲ್ಲರ ಕೆರೆ ಯಾರೂ ಹೂಳೆತ್ತದ ಕೆರೆಯಾಗುವ ಅಪಾಯ ಇಲ್ಲಿಯೂ ಇದೆ. ಕೆಲವು ಮುದ್ರಣಯಂತ್ರಗಳು ಲಿನಕ್ಸಿನೊಡನೆ ಹೊಂದಿಕೊಳ್ಳಲು ತಕರಾರು ಮಾಡುವುದೂ ಉಂಟು. ಮುದ್ರಣಾಲಯ, ವಾಸ್ತುಶಿಲ್ಪ ಮುಂತಾದ ಕೆಲವು ವೃತ್ತಿಗಳಲ್ಲಿ ಬೇರೆ ತಂತ್ರಾಂಶವನ್ನು ಬಿಡಲಾಗದ ಪ್ರಸಂಗಗಳೂ ಇವೆ. ಆದರೆ ಶಾಲೆಯ ಅಗತ್ಯಗಳು ಅಷ್ಟು ಜಟಿಲವಲ್ಲ.

ನೆರೆಯ ಕೇರಳ ಇದನ್ನು ಮಾಡಿ ತೋರಿಸಿದೆ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣದ ಯೋಜನೆ 2001ರಲ್ಲಿ ಆರಂಭವಾಯಿತು. ಒಂದೇ ಕಂಪನಿಯ ತಂತ್ರಾಂಶವನ್ನು ಕಲಿಸುವುದಕ್ಕೆ ಅಧ್ಯಾಪಕರೇ ಆಕ್ಷೇಪಣೆ ಎತ್ತಿದರು. ಆ ದಶಕ ಮುಗಿಯುವುದರೊಳಗೆ ಪ್ರೌಢಶಾಲೆಗಳ ಗಣಕ ಪಾಠ ಮುಕ್ತ ತಂತ್ರಾಂಶಕ್ಕೆ ತಿರುಗಿಕೊಂಡಿತು. ಆ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಮಕ್ಕಳ ಪಾಠಕ್ಕೆ ತಕ್ಕಂತೆ ಹೊಂದಿಸಿದ ಲಿನಕ್ಸ್ ವ್ಯವಸ್ಥೆಯನ್ನು ಅದು ತಾನೇ ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ. ಯಾವ ಕಂಪನಿಯ ಅಪ್ಪಣೆಯನ್ನೂ ಕೇಳದೆ ಒಂದು ರಾಜ್ಯದ ಅಧ್ಯಾಪಕರು ತಮ್ಮ ಮಕ್ಕಳಿಗೆ ಬೇಕಾದಂತೆ ಗಣಕವನ್ನು ಅಳವಡಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಶಾಲೆ ಅಥವಾ ಸರ್ಕಾರ ತೀರ್ಮಾನಿಸಲಿ ಎಂದು ವಿದ್ಯಾರ್ಥಿ ಕಾಯಬೇಕಾಗಿಲ್ಲ. ಇರುವುದನ್ನೆಲ್ಲ ಒಂದೇ ದಿನ ಕಿತ್ತು ಹಾಕುವುದೂ ವಿವೇಕವಲ್ಲ. ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್, ಅಂತರಜಾಲಕ್ಕೆ ಫೈರ್‌ಫಾಕ್ಸ್, ಚಿತ್ರ ತಿದ್ದಲು ಜಿಂಪ್, ಹಾಡು ಮತ್ತು ಚಲನಚಿತ್ರಗಳಿಗೆ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಆರಂಭಿಸಿದ ವಿಎಲ್‌ಸಿ ಇವುಗಳೆಲ್ಲ ಈಗಿರುವ ವಿಂಡೋಸಿನ ಮೇಲೆಯೇ ನಡೆಯುತ್ತವೆ. ಇವು ಕೈಗೆ ಹೊಂದಿದ ಮೇಲೆ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಾಯಿಸುವುದು ಕಷ್ಟವೆನಿಸದು. ಲಿನಕ್ಸ್ ವ್ಯವಸ್ಥೆಯೊಂದನ್ನು ಪೆನ್‌ಡ್ರೈವಿನಲ್ಲಿ ತುಂಬಿ, ಗಣಕದಲ್ಲಿ ಇರುವುದನ್ನು ಮುಟ್ಟದೆಯೇ ಅದರಿಂದ ನಡೆಸಿ ನೋಡಬಹುದು. ಹಿಡಿಸದಿದ್ದರೆ ಪೆನ್‌ಡ್ರೈವನ್ನು ತೆಗೆದು ಗಣಕವನ್ನು ಮತ್ತೆ ಆರಂಭಿಸಿದರೆ ಎಲ್ಲವೂ ಮೊದಲಿನಂತೆಯೇ. ಹೊಸ ವಿಂಡೋಸಿಗೆ ಯೋಗ್ಯವಲ್ಲವೆಂದು ಮೂಲೆಗೆ ಸೇರಿದ ಹಳೆಯ ಗಣಕವಿದ್ದರೆ ಪ್ರಯೋಗಕ್ಕೆ ಅದೇ ಉತ್ತಮ. ಹಗುರವಾದ ಲಿನಕ್ಸ್ ವ್ಯವಸ್ಥೆಗಳು ಎಷ್ಟೋ ಸಲ ಅಂತಹ ಯಂತ್ರಕ್ಕೆ ಇನ್ನೂ ಕೆಲವು ವರ್ಷಗಳ ಆಯುಷ್ಯವನ್ನು ಕೊಡುತ್ತವೆ.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯವಾದದ್ದು. ಲಿಬ್ರೆಆಫೀಸಿನ ಪರದೆಯನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳಬಹುದು. ಅದರ ಕನ್ನಡ ಪದಗಳನ್ನು ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಕೂಡಿಸಿದ್ದಾರೆ. ಅವುಗಳಲ್ಲಿ ಕೆಲವು ಸೊಗಸಾಗಿವೆ, ಕೆಲವು ಬಿಗಿಯಾಗಿವೆ, ಅಲ್ಲಲ್ಲಿ ಕಾಗುಣಿತದ ತಪ್ಪೂ ಇರಬಹುದು. ಅಂತಹ ತಪ್ಪನ್ನು ಕಂಡ ವಿದ್ಯಾರ್ಥಿನಿ ಅದನ್ನು ತಿದ್ದಿ, ಸರಿಯಾದ ಪದವನ್ನು ಸೂಚಿಸಿ ಆ ಸ್ವಯಂಸೇವಕರಿಗೆ ಕಳುಹಿಸಬಹುದು. ಅದಕ್ಕೆ ಅವಳ ವಯಸ್ಸನ್ನಾಗಲಿ ಊರನ್ನಾಗಲಿ ಯಾರೂ ಕೇಳುವುದಿಲ್ಲ. ಪದ ಸರಿಯಾಗಿದೆಯೇ ಎಂದು ಮಾತ್ರ ನೋಡುತ್ತಾರೆ. ಸರಿಯಾಗಿದ್ದರೆ ಮುಂದಿನ ಆವೃತ್ತಿಯಲ್ಲಿ ಬೀದರಿನ ಕಚೇರಿಯಲ್ಲಿಯೂ ಮಡಿಕೇರಿಯ ಶಾಲೆಯಲ್ಲಿಯೂ ಕಡಲಾಚೆಯ ಕನ್ನಡಿಗರ ಮನೆಯಲ್ಲಿಯೂ ಅವಳು ತಿದ್ದಿದ ಆ ಪದವೇ ಕಾಣಿಸಿಕೊಳ್ಳುತ್ತದೆ.